ಪುಟ್ಟ ಕೈಗಳನ್ನು ನಂಬಿದ ತಾಯಿ: ಮರಿಯಾ ಮಾಂಟೆಸ್ಸರಿ



ಕಳೆದ ಆಗಮನ ಕಾಲದಲ್ಲಿ ಮನೆಗಳ ಭೇಟಿಗೆಂದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಹೋಗಿದ್ದೆ. ಒಂದು ಮನೆಯಲ್ಲಿ ಮೂರು ವರ್ಷ ತುಂಬದ ಹೆಣ್ಣುಮಗು. ಅದು ಹೋಗುವ ಶಿಶುವಿಹಾರದಿಂದ ಬಂದಿದ್ದ ಕ್ರಿಸ್ಮಸ್ ನಕ್ಷತ್ರವನ್ನು ತಾಯಿ ಗೋಡೆಗೆ ತೂಗುಹಾಕಿದ್ದರು. ಐದೂ ಮೂಲೆ ಅಳೆದಿಟ್ಟಂತೆ ಸಮ, ಅಂಚಿಗೆ ಜರಿ, ನಡುವೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಮಗುವಿನ ಹೆಸರು. ಇದನ್ನು ಮಾಡಿದ್ದು ಯಾರು ಪುಟ್ಟಿ ಎಂದು ಕೇಳಿದೆ. ಮಿಸ್ಸು ಎಂದು ಹೇಳಿ, ನನ್ನ ಬೆರಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಯಿತು. ಅಲ್ಲಿ ನಲ್ಲಿಯ ಪಕ್ಕ ಒಂದು ಗುಪ್ಪೆ ಹಸಿಮಣ್ಣು, ಅದಕ್ಕೆ ಚುಚ್ಚಿದ ನಾಲ್ಕು ಪೊರಕೆ ಕಡ್ಡಿ, ಮೇಲೊಂದು ಎಲೆ. ಅದು ಆ ಮಗುವಿನ ಗೋದಲಿ. ಒಳಗೆ ಮಲಗಿದ್ದ ಹುಣಸೆ ಬೀಜವೇ ಬಾಲಯೇಸು. ತಾಯಿ ನಾಚಿಕೊಂಡು, ಬಿಡಿ ಫಾದರ್, ಮೈಯೆಲ್ಲ ಕೆಸರು ಮಾಡಿಕೊಳ್ಳುತ್ತಾಳೆ ಎಂದು ಅದರ ಕೈ ತೊಳೆಯತೊಡಗಿದರು. ನನಗೂ ಗಡಿಬಿಡಿ. ಮನೆಯನ್ನು ಆಶೀರ್ವದಿಸಿ, ಗೋಡೆಯ ನಕ್ಷತ್ರವನ್ನು ಹೊಗಳಿ, ಮುಂದಿನ ಮನೆಗೆ ನಡೆದೆ. ಹುಣಸೆ ಬೀಜದ ಬಾಲಯೇಸುವಿನ ಮುಂದೆ ನಾನು ಬಗ್ಗಲಿಲ್ಲ.

ಆ ರಾತ್ರಿ ನನಗೆ ನೆನಪಾದವರು ಮರಿಯಾ ಮಾಂಟೆಸ್ಸರಿ. ಮಾಂಟೆಸ್ಸರಿ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಶಾಲೆಯ ಬೋರ್ಡಿನ ಮೇಲಿನ ಒಂದು ಪದ, ಫೀಸು ತುಸು ಹೆಚ್ಚು ಎಂಬುದರ ಗುರುತು. ಅದು ಒಬ್ಬ ಕಥೋಲಿಕ ಹೆಣ್ಣುಮಗಳ ಹೆಸರು, ಆಕೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಬದುಕಿದ್ದರು, ಬಡವರ ಮಕ್ಕಳ ನಡುವೆಯೇ ತಮ್ಮ ಕೆಲಸವನ್ನು ಶುರುಮಾಡಿದರು ಎಂಬುದು ಹೆಚ್ಚು ಜನರಿಗೆ ತಿಳಿಯದು. ಕ್ರಿಸ್ತಜಯಂತಿ ಹತ್ತಿರವಾಗಿ, ಮಕ್ಕಳು ಕಾಗದ, ಅಂಟು, ಮಣ್ಣು ಎಂದು ನಮ್ಮ ಸೆರಗು ಜಗ್ಗುವ ಈ ಮಾಗಿಯ ದಿನಗಳಲ್ಲಿ ಅವರ ಬಾಳನ್ನು ನಿಮಗೆ ಹೇಳಬೇಕೆನಿಸಿತು.

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನ ಬಳಿಯ ಕಿಯಾರವಾಲ್ಲೆ ಎಂಬ ಸಣ್ಣ ಊರಿನಲ್ಲಿ. ಹೆಣ್ಣುಮಕ್ಕಳು ಟೀಚರಾದರೆ ಅದೇ ದೊಡ್ಡದು ಎನ್ನುತ್ತಿದ್ದ ಕಾಲ. ಈ ಹುಡುಗಿ ವೈದ್ಯೆಯಾಗುತ್ತೇನೆಂದು ಹಠ ಹಿಡಿದಳು. ಹೆಣದ ಕೊಠಡಿಯಲ್ಲಿ ಗಂಡುಹುಡುಗರ ಜೊತೆ ನಿಲ್ಲುವಂತಿರಲಿಲ್ಲವಾಗಿ, ಎಲ್ಲರೂ ಹೋದ ಮೇಲೆ ಒಬ್ಬಳೇ ಅಲ್ಲಿ ಅಭ್ಯಾಸ ಮಾಡುತ್ತಿದ್ದಳು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಹೊರಬಂದಾಗ ಇಡೀ ಇಟಲಿಯಲ್ಲಿ ಮಹಿಳಾ ವೈದ್ಯರು ಬೆರಳೆಣಿಕೆಯಷ್ಟು.

ಬುದ್ಧಿಮಾಂದ್ಯ ಮಕ್ಕಳನ್ನು ಆಗ ಹುಚ್ಚಾಸ್ಪತ್ರೆಯ ದೊಡ್ಡವರೊಂದಿಗೇ ಕೂಡಿಹಾಕುತ್ತಿದ್ದರು. ಅಂಥ ಒಂದು ಕೊಠಡಿಯಲ್ಲಿ ಮಕ್ಕಳು ಊಟವಾದೊಡನೆ ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ತೆವಳಾಡುವುದನ್ನು ನೋಡಿಕೊಳ್ಳುವ ಹೆಂಗಸು ಹೇಸಿಗೆಯಿಂದ ತೋರಿಸಿದಳು. ಡಾಕ್ಟರಮ್ಮ ಸುತ್ತ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಮಕ್ಕಳ ಕೈಗೆ ಹಿಡಿಯಲು ಆ ಕೊಠಡಿಯಲ್ಲಿ ಆ ಚೂರುಗಳ ಹೊರತು ಇನ್ನೊಂದು ವಸ್ತುವಿರಲಿಲ್ಲ. ಇದು ಹೊಟ್ಟೆಯ ಹಸಿವಲ್ಲ, ಕೈಗಳ ಹಸಿವು ಎಂದು ಅವರಿಗೆ ಹೊಳೆಯಿತು. ಮುಂದಿನ ಐವತ್ತು ವರ್ಷಗಳ ದುಡಿಮೆಯೆಲ್ಲ ಈ ಒಂದು ನೋಟದಿಂದ ಬೆಳೆದದ್ದು ಎಂದರೆ ತಪ್ಪಾಗಲಾರದು. ಅರಿವೆಂಬುದು ಇಂದ್ರಿಯಗಳ ಬಾಗಿಲಿನಿಂದಲೇ ಒಳಗೆ ಬರುತ್ತದೆಂದು ಸೆಮಿನರಿಯಲ್ಲಿ ನಾವು ಸಂತ ತೋಮಸ್ ಅಕ್ವಿನಾಸರಿಂದ ಕಲಿತೆವು. ಕಲಿತು ಪರೀಕ್ಷೆ ಬರೆದು ಪುಸ್ತಕ ಮುಚ್ಚಿದೆವು. ಈಕೆ ಅದನ್ನು ಹುಚ್ಚಾಸ್ಪತ್ರೆಯ ನೆಲದ ಮೇಲೆ ಕಂಡರು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. 1898ರ ಮಾರ್ಚ್ 31ರಂದು ಮರಿಯಾ ಒಂದು ಗಂಡುಮಗುವಿಗೆ ತಾಯಿಯಾದರು. ಮದುವೆಯಾಗಿರಲಿಲ್ಲ. ಮಗುವಿನ ತಂದೆ ಅವರೊಡನೆ ಕೆಲಸ ಮಾಡುತ್ತಿದ್ದ ವೈದ್ಯ; ಆತ ಮುಂದೆ ಬೇರೊಬ್ಬಳನ್ನು ಮದುವೆಯಾದ. ವಿಷಯ ಹೊರಬಿದ್ದರೆ ಡಾಕ್ಟರಿಕೆ, ಮಾನ ಎರಡೂ ಹೋಗುವ ಕಾಲ. ಮರಿಯೋ ಎಂದು ಹೆಸರಿಟ್ಟ ಕೂಸನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಸಾಕಲು ಬಿಟ್ಟರು. ಆಗಾಗ ಹೋಗಿ ನೋಡಿ ಬರುತ್ತಿದ್ದರು. ಬರುವ ಈ ಹೆಂಗಸು ಯಾರೆಂದು ಮಗುವಿಗೆ ಹೇಳಲಾಗಲಿಲ್ಲ. ಲೋಕದ ಮಕ್ಕಳನ್ನೆಲ್ಲ ಮಡಿಲಿಗೆ ಹಾಕಿಕೊಂಡಾಕೆ ತನ್ನ ಮಗುವಿನ ತೊದಲು ಮಾತು ಕೇಳಲಿಲ್ಲ, ಅದರ ಕೈ ಮೊದಲ ಬಾರಿ ಚಮಚ ಹಿಡಿದದ್ದನ್ನು ಕಾಣಲಿಲ್ಲ. ತೀರ್ಪು ಕೊಡುವುದು ಸುಲಭ. ನಮ್ಮ ಧರ್ಮಕೇಂದ್ರಗಳಲ್ಲೂ ಇಂಥ ತಾಯಂದಿರಿದ್ದಾರೆ, ಬಾಯಿಬಿಟ್ಟು ಹೇಳಿಕೊಳ್ಳಲಾರರು. ಅವರು ಈ ಪುಟ ಓದುತ್ತಿದ್ದರೆ ಮುಂದಕ್ಕೂ ಓದಲಿ.

1907ರ ಜನವರಿ 6. ಮೂವರು ರಾಯರ ಹಬ್ಬ. ರೋಮಿನ ಸಾನ್ ಲೊರೆಂಝೊ ಎಂಬ ಕೂಲಿಕಾರರ ಕೇರಿಯಲ್ಲಿ ಒಂದು ವಠಾರ. ದಾವಣಗೆರೆಯ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದರೆ ಕಾರ್ಮಿಕರ ಓಣಿಯಲ್ಲಿ ಸಣ್ಣ ಮಕ್ಕಳ ಪಾಡು ಏನಾಗುತ್ತಿತ್ತೆಂದು ನೀವು ಬಲ್ಲಿರಿ. ಅಲ್ಲಿಯೂ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಮೆಟ್ಟಿಲ ಮೇಲೆ ಓಡಾಡಿ, ಹೊಸದಾಗಿ ಸುಣ್ಣ ಬಳಿದ ಗೋಡೆ ಗೀಚುತ್ತಿದ್ದರು. ಗೋಡೆ ಉಳಿಸಿಕೊಳ್ಳಲು ಮನೆಗಳ ಒಡೆಯರು ಹೂಡಿದ ಉಪಾಯ: ಒಂದು ಕೋಣೆ ಕೊಡೋಣ, ಈ ಡಾಕ್ಟರಮ್ಮ ಮಕ್ಕಳನ್ನು ಒಂದೆಡೆ ಕೂರಿಸಲಿ. ಸುಮಾರು 50 ಮಕ್ಕಳು, ಎರಡೂವರೆ ಮೂರು ವರ್ಷದಿಂದ ಆರೇಳರವರೆಗೆ. ಮಕ್ಕಳ ಮನೆ ಎಂದು ಅದಕ್ಕೆ ಹೆಸರಾಯಿತು. ಅಳುತ್ತ ಹೆದರುತ್ತ ನಿಂತಿದ್ದ ಆ ಮಕ್ಕಳ ಮುಂದೆ ಮರಿಯಾ ಅಂದಿನ ಬಲಿಪೂಜೆಯಲ್ಲಿ ಓದಲಾದ ಪ್ರವಾದಿ ಯೆಶಾಯನ ಬೆಳಕಿನ ವಾಚನವನ್ನು ನೆನೆದು ಮಾತನಾಡಿದರು. ನೆರೆದವರಿಗೆ ಅದು ಅತಿಯಾಯಿತು ಅನಿಸಿರಬೇಕು. ಒಂದು ವಠಾರದ ಕೋಣೆ, ನಾಲ್ಕು ಮೇಜು. ಅದಕ್ಕೆ ಪ್ರವಾದಿಯ ಮಾತೇ?

ಅಲ್ಲಿ ನಡೆದದ್ದನ್ನು ನಮ್ಮ ಶಿಶುವಿಹಾರಗಳ ಟೀಚರುಗಳು, ಅಂಗನವಾಡಿಯ ಅಕ್ಕಂದಿರು ಗಮನವಿಟ್ಟು ಓದಬೇಕು. ಯಾರೋ ದಾನ ಕೊಟ್ಟ ಚೆಂದದ ಗೊಂಬೆಗಳಿದ್ದವು. ಮಕ್ಕಳು ಅವುಗಳತ್ತ ಹೆಚ್ಚು ಸುಳಿಯಲಿಲ್ಲ. ಮರದ ಹಲಗೆಯ ತೂತುಗಳಿಗೆ ಸರಿಹೊಂದುವ ಮರದ ಉರುಳೆಗಳನ್ನು ಕೂರಿಸುತ್ತ ಮೂರು ವರ್ಷದ ಒಂದು ಹೆಣ್ಣುಮಗು ಲೋಕವನ್ನೇ ಮರೆತಿತು. ಸುತ್ತ ಮಕ್ಕಳನ್ನು ಹಾಡಿಸಿದರು. ಮಗು ಕುಳಿತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಅದು ಉರುಳೆಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಶುರುಮಾಡಿತು. ನಲವತ್ತಕ್ಕೂ ಹೆಚ್ಚು ಬಾರಿ. ಆಮೇಲೆ ನಿದ್ದೆಯಿಂದ ಎದ್ದಂತೆ ನಗುತ್ತ ತಲೆಯೆತ್ತಿತು. ಮತ್ತೊಂದು ದಿನ ಟೀಚರು ಬೀರುವಿಗೆ ಬೀಗ ಹಾಕಲು ಮರೆತಿದ್ದರು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡು ಕೆಲಸಕ್ಕೆ ಕುಳಿತಿದ್ದರು. ಟೀಚರಿಗೆ ಅದು ಕಳ್ಳತನ. ಮರಿಯಾ ಮಾತ್ರ ಮಕ್ಕಳಿಗೆ ತಮ್ಮ ಕೆಲಸವನ್ನು ಆರಿಸಿಕೊಳ್ಳಲು ಬರುತ್ತದೆ ಎಂದು ಅರ್ಥಮಾಡಿಕೊಂಡು ಬೀಗವನ್ನೇ ತೆಗೆಸಿದರು.

ಮಣ್ಣಿನ ಕೆಲಸವೂ ಅಲ್ಲಿ ನಡೆಯುತ್ತಿತ್ತು. ರೋಮಿನಲ್ಲಿ ರಾಂಡೋನೆ ಎಂಬ ಕಲಾವಿದ ಬಡಮಕ್ಕಳಿಗೆ ಕುಂಬಾರಿಕೆ ಕಲಿಸುತ್ತಿದ್ದ. ಅವನ ಪಾಠವನ್ನು ಮರಿಯಾ ತಮ್ಮ ಮಕ್ಕಳಿಗೂ ತಂದರು. ಅವರು ಪುಟ್ಟ ಮಡಿಕೆ ಮಾಡಿದರು, ಬೆರಳುದ್ದದ ಇಟ್ಟಿಗೆ ಮಾಡಿ ಕುಲುಮೆಯಲ್ಲಿ ಸುಟ್ಟರು, ಆ ಇಟ್ಟಿಗೆಗಳಿಂದ ಗೋಡೆ ಕಟ್ಟಿದರು, ಪುಟ್ಟ ಮನೆಗಳನ್ನೂ ಕಟ್ಟಿದರು. ಅವುಗಳನ್ನು ನಮ್ಮ ಕೈ ಹಾಕಿ ನೇರ ಮಾಡುವಂತಿರಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಡಿಸೆಂಬರಿನಲ್ಲಿ ಹರಿಹರ, ದಾವಣಗೆರೆಯ ಸುತ್ತ ಭದ್ರಾ ನಾಲೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಎಲ್ಲೆಡೆ ಹುಲ್ಲು. ಮೆಕ್ಕೆಜೋಳದ ಒಣ ಸಿಪ್ಪೆ ಬೇಕಾದಷ್ಟು. ಕುಂಬಾರರಲ್ಲಿ ಕೇಳಿದರೆ ಒಂದು ಮುದ್ದೆ ಜೇಡಿಮಣ್ಣು ಸಿಗುತ್ತದೆ. ಗೋದಲಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಆದರೆ ನಾವು ಅಂಗಡಿಯಿಂದ ಥರ್ಮೊಕೋಲ್ ತಂದು, ಮೇಲೆ ಹತ್ತಿ ಹರಡಿ ಹಿಮ ಎನ್ನುತ್ತೇವೆ. ದಾವಣಗೆರೆಯಲ್ಲಿ ಯಾವಾಗ ಹಿಮ ಬಿತ್ತು? ಹತ್ತಿಯಂತೂ ಈ ಊರಿನದೇ, ಅಷ್ಟು ಒಪ್ಪೋಣ. ಎರಡು ವರ್ಷದ ಮಗುವಿಗೆ ಕತ್ತರಿ ಬೇಡ. ಕಾಗದವನ್ನು ಕೈಯಿಂದ ಹರಿಯುವುದೇ ಅದಕ್ಕೆ ದೊಡ್ಡ ವಿದ್ಯೆ. ಹಸಿರು ಕಾಗದ ಕೊಟ್ಟು ಹರಿಯಲು ಬಿಡಿ, ಅದೇ ಬೆತ್ಲೆಹೇಮಿನ ಹುಲ್ಲುಗಾವಲು. ರಟ್ಟಿನ ಮೇಲೆ ನೀವು ಕುರಿಯ ಆಕಾರ ಬರೆದುಕೊಡಿ, ಮೈದಾ ಅಂಟು ಸವರಿ ಅದಕ್ಕೆ ಉಣ್ಣೆಯಾಗಿ ಮಂಡಕ್ಕಿ ಅಂಟಿಸಲಿ. ಅರ್ಧ ಮಂಡಕ್ಕಿ ಬಾಯಿಗೆ ಹೋಗುತ್ತದೆ, ಹೋಗಲಿ. ಆದರೆ ಮಣಿ, ಗುಂಡಿ, ಕಾಳುಗಳನ್ನು ಮಾತ್ರ ಈ ವಯಸ್ಸಿನವರ ಕೈಗೆ ಕೊಡಬೇಡಿ. ಮೂಗಿಗೂ ಗಂಟಲಿಗೂ ಸೇರಿಸಿಕೊಳ್ಳುತ್ತಾರೆ. ಆ ಮಗುವಿನ ಹುಣಸೆ ಬೀಜವೂ ಅಪಾಯದ್ದೇ, ಅದನ್ನಾದರೂ ನಾನು ಅಂದು ತಾಯಿಗೆ ಹೇಳಬೇಕಿತ್ತು.

ಮರಿಯಾಳ ಕಥೆಯಲ್ಲಿ ಇನ್ನೊಂದು ಚಳಿಗಾಲವಿದೆ. 1908ರ ಡಿಸೆಂಬರ್ 28. ಹೆರೋದನ ಕತ್ತಿಗೆ ಬಲಿಯಾದ ಮುಗ್ಧ ಶಿಶುಗಳನ್ನು ಧರ್ಮಸಭೆ ನೆನೆಯುವ ದಿನ. ಅಂದು ಬೆಳಗಿನ ಜಾವ ಇಟಲಿಯ ಮೆಸ್ಸೀನಾ ನಗರ ಭೂಕಂಪಕ್ಕೆ ಕುಸಿಯಿತು. ಅವಶೇಷಗಳ ನಡುವೆ ಸಿಕ್ಕ ಸುಮಾರು 60 ಅನಾಥ ಮಕ್ಕಳನ್ನು ರೋಮಿಗೆ ತಂದು, ಜೂಸ್ತಿ ಬೀದಿಯಲ್ಲಿದ್ದ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಸಭೆಯ ಕನ್ಯಾಸ್ತ್ರೀಯರ ಮಠದಲ್ಲಿ ಇರಿಸಿದರು. ಈ ಸಭೆ 1877ರಲ್ಲಿ ಬೇರು ಬಿಟ್ಟದ್ದು ನಮ್ಮ ನೆರೆಯ ಊಟಿಯಲ್ಲಿ ಎಂಬುದನ್ನು ನೆನಪಿಡಿ. ಆ ಮಕ್ಕಳಿಗೆ ತಮ್ಮ ಹೆಸರೂ ಗೊತ್ತಿಲ್ಲ. ಮಾತಿಲ್ಲ, ಊಟ ಸೇರದು, ರಾತ್ರಿಯೆಲ್ಲ ಬೆಚ್ಚಿ ಅಳು. ಮರಿಯಾ ಮತ್ತು ಆ ಧರ್ಮಭಗಿನಿಯರು ಅವರಿಗೆ ಬರೀ ಸಮಾಧಾನ ಹೇಳುತ್ತ ಕೂರಲಿಲ್ಲ. ಕೈಗೆ ಕೆಲಸ ಕೊಟ್ಟರು. ಅವರ ಎತ್ತರಕ್ಕೆ ತಕ್ಕ ಬಣ್ಣದ ಮೇಜು ಕುರ್ಚಿ, ಪುಟ್ಟ ಬೀರು, ಕಿಟಕಿಗೆ ಪರದೆ, ಮೇಜಿನ ಮೇಲೆ ಹೂವು. ತಟ್ಟೆ ಜೋಡಿಸುವುದು, ಹೂದಾನಿಗೆ ನೀರು ತುಂಬುವುದು, ತೋಟ ನೋಡಿಕೊಳ್ಳುವುದು. ವಾರಗಳು ಕಳೆದಂತೆ ಮಕ್ಕಳು ಉಂಡರು, ಮಲಗಿದರು, ಕೊನೆಗೊಂದು ದಿನ ನಕ್ಕರು.

ಕ್ರಿಸ್ಮಸ್ ಎಂದರೆ ಎಲ್ಲ ಮನೆಯಲ್ಲೂ ಸಡಗರವಿರುವುದಿಲ್ಲ. ಆ ವರ್ಷ ತಂದೆಯನ್ನೋ ಅಜ್ಜಿಯನ್ನೋ ಕಳೆದುಕೊಂಡ ಮನೆಯಲ್ಲಿ ದೊಡ್ಡವರು ಗೋದಲಿಯೇ ಬೇಡವೆನ್ನುತ್ತಾರೆ. ಮಗುವಿನ ದುಃಖ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ಮಾತಿಲ್ಲವಲ್ಲ. ಅಂಥ ಮಗುವಿನ ಕೈಗೆ ಒಂದು ಹಿಡಿ ಹುಲ್ಲು ಕೊಟ್ಟು, ಬಾಲಯೇಸುವಿಗೆ ಹಾಸಿಗೆ ಮಾಡು ಎಂದು ಹೇಳಿ ನೋಡಿ. ದೊಡ್ಡವರೂ ಮೆಲ್ಲಗೆ ಪಕ್ಕದಲ್ಲಿ ಬಂದು ಕೂರುತ್ತಾರೆ.

1910ರ ದಶಕದಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಇನ್ನೂ ಸೊಗಸಾದ ಕೆಲಸ ನಡೆಯಿತು. ಮಕ್ಕಳಿಗೆಂದೇ ಒಂದು ಪ್ರಾರ್ಥನಾಮಂದಿರ. ಕುರ್ಚಿ, ತೀರ್ಥದ ಬಟ್ಟಲು ಎಲ್ಲವೂ ಅವರ ಕೈಗೆಟುಕುವಷ್ಟು ಎತ್ತರ. ಮಕ್ಕಳು ತೋಟದಲ್ಲಿ ಗೋಧಿ ಬಿತ್ತಿದರು, ದ್ರಾಕ್ಷಿ ಬಳ್ಳಿ ಬೆಳೆಸಿದರು. ತಾವೇ ಬೆಳೆದ ಗೋಧಿಯಿಂದ ಓಸ್ತಿ, ದ್ರಾಕ್ಷಿಯಿಂದ ಬಲಿಪೂಜೆಯ ರಸ. ಪರಮಪ್ರಸಾದವನ್ನು ಸ್ವೀಕರಿಸುವ ಮೊದಲೇ ಅವರ ಬೆರಳುಗಳಿಗೆ ಅದರ ಮಣ್ಣು, ಮಳೆ, ಬಿಸಿಲು ತಿಳಿದಿದ್ದವು. ಈ ಅನುಭವವನ್ನೇ ಮರಿಯಾ 1922ರಲ್ಲಿ ಒಂದು ಪುಸ್ತಕವಾಗಿ ಬರೆದರು. ನಾನು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಪ್ರಶ್ನೋತ್ತರಗಳನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಎಲ್ಲ ಕಥೋಲಿಕರೂ ಅವರನ್ನು ಒಪ್ಪಿದರೆಂದಲ್ಲ. ಮಗುವಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಜನ್ಮಪಾಪದ ಬೋಧನೆ ಎಲ್ಲಿ ಹೋಯಿತು ಎಂದು ಕೆಲವು ದೈವಶಾಸ್ತ್ರಜ್ಞರು ಕೇಳಿದರು. ಆದರೆ ಮಾಂಟೆಸ್ಸರಿಯ ಕೋಣೆಯಲ್ಲಿ ಮಗು ಮನಬಂದಂತೆ ಕುಣಿಯುವುದಿಲ್ಲ. ತೆಗೆದುಕೊಂಡದ್ದನ್ನು ಮತ್ತೆ ಅದರ ಜಾಗದಲ್ಲಿಡಬೇಕು, ಇನ್ನೊಬ್ಬರ ಕೈಯಲ್ಲಿರುವುದನ್ನು ಕಸಿಯಬಾರದು, ಸರದಿಗೆ ಕಾಯಬೇಕು. ಜನ್ಮಪಾಪಕ್ಕೆ ಎರಡು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿಯದು. ನನ್ನ ತಕರಾರು ಬೇರೆ. ಕಟ್ಟುಕಥೆಗಳನ್ನು, ಕಲ್ಪನೆಯ ಆಟಗಳನ್ನು ಅವರು ಎಳೆಯ ಮಕ್ಕಳಿಗೆ ಅಷ್ಟಾಗಿ ಹಿಡಿಸುವಂಥವಲ್ಲವೆಂದು ಬಗೆದರು. ಹುಣಸೆ ಬೀಜವನ್ನು ಬಾಲಯೇಸು ಮಾಡಿದ ಮಗುವನ್ನು ಕಂಡಿದ್ದರೆ ಮತ್ತೊಮ್ಮೆ ಯೋಚಿಸುತ್ತಿದ್ದರೋ ಏನೋ.

ಬಾಳಿನ ಉಳಿದ ಭಾಗ ಅಲೆದಾಟ. 1912ರ ಕೊನೆಯಲ್ಲಿ ತಾಯಿ ತೀರಿಕೊಂಡ ಮೇಲೆ, ಹದಿನೈದರ ಹರೆಯದ ಮರಿಯೋನನ್ನು ತಮ್ಮ ಬಳಿಗೆ ಕರೆತಂದರು. ಆದರೂ ಲೋಕಕ್ಕೆ ಆತ ಅಣ್ಣತಮ್ಮಂದಿರ ಕಡೆಯವನೋ ಸಾಕಿದವನೋ ಎಂಬಂತೆಯೇ ಉಳಿದ. ಮುಸೊಲಿನಿ ಮೊದಲು ಅವರ ಶಾಲೆಗಳನ್ನು ಬೆಂಬಲಿಸಿದ. ಮಕ್ಕಳನ್ನು ಸಿಪಾಯಿಗಳನ್ನಾಗಿ ತಯಾರು ಮಾಡುವ ಅವನ ಆಸೆಗೆ ಆಕೆ ಬಗ್ಗದಾದಾಗ 1934ರಲ್ಲಿ ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ಹಿಟ್ಲರ್ ಅದಕ್ಕೂ ಮುಂಚೆಯೇ ಮುಚ್ಚಿಸಿದ್ದ. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಬಾರ್ಸಿಲೋನಾದಿಂದಲೂ ಓಡಿಸಿತು.

1939ರ ನವೆಂಬರಿನಲ್ಲಿ, ಹತ್ತಿರ ಹತ್ತಿರ ಎಪ್ಪತ್ತರ ವಯಸ್ಸಿನಲ್ಲಿ, ಮರಿಯೋನೊಂದಿಗೆ ಮದರಾಸಿಗೆ ಬಂದರು. ಕರೆಸಿಕೊಂಡದ್ದು ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿ. ಕಥೋಲಿಕಳೊಬ್ಬಳು ಅವರ ಅಂಗಳದಲ್ಲಿ ಏಕೆ ಎಂಬ ಪ್ರಶ್ನೆ ಆಗಲೂ ಇತ್ತು. ಅವರು ಕೊಟ್ಟ ನೆರಳಿನಲ್ಲಿ ಆಕೆ ಮಕ್ಕಳ ಕೆಲಸ ಮಾಡಿದರು. ಕೊನೆಯವರೆಗೂ ಕಥೋಲಿಕಳಾಗಿಯೇ ಉಳಿದರು. ತಾಳೆಗರಿಯ ಚಪ್ಪರದಡಿ ನೆಲದ ಮೇಲೆ ಕುಳಿತ ನೂರಾರು ಶಿಕ್ಷಕ ಶಿಕ್ಷಕಿಯರಿಗೆ ಪಾಠ ಶುರುವಾಯಿತು.

1940ರ ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಒಂದೇ ದಿನದಲ್ಲಿ ಅತಿಥಿಗಳು ಶತ್ರುದೇಶದವರಾದರು. ಮರಿಯೋನನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಮುದುಕಿಯನ್ನು ಅಡ್ಯಾರಿನ ಆವರಣದಲ್ಲೇ ಇರಿಸಿದರು. ಮತ್ತೊಮ್ಮೆ ತಾಯಿ ಒಂದೆಡೆ, ಮಗ ಒಂದೆಡೆ. ಆಗಸ್ಟ್ 31 ಬಂತು, ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸರಾಯರಿಂದ ಒಂದು ತಂತಿ. ಈ ಹಬ್ಬಕ್ಕೆ ಏನು ಉಡುಗೊರೆ ಕೊಡೋಣವೆಂದು ಯೋಚಿಸಿ, ನಿಮ್ಮ ಮಗನನ್ನೇ ಮರಳಿ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದೆನಿಸಿತು ಎಂಬುದು ಅದರ ಸಾರಾಂಶ. ಮಗ ಎಂಬ ಆ ಪದವನ್ನು ನಲವತ್ತೆರಡು ವರ್ಷಗಳಲ್ಲಿ ಯಾರೂ ಹೀಗೆ ಬಹಿರಂಗವಾಗಿ ಆಡಿರಲಿಲ್ಲ. ಪರದೇಶದ ಒಬ್ಬ ಅಧಿಕಾರಿ, ಅದೂ ಯುದ್ಧದ ನಡುವೆ, ಒಂದು ತಂತಿಯಲ್ಲಿ ಬರೆದುಬಿಟ್ಟ. ಮರಿಯೋ ಅಡ್ಯಾರಿಗೆ ಹಿಂತಿರುಗಿದ. ಮುಂದೆ ಆಕೆ ತೀರಿಕೊಳ್ಳುವವರೆಗೂ ಜೊತೆಯಲ್ಲೇ ಇದ್ದ.

1942ರಿಂದ 44ರವರೆಗೆ ಇಬ್ಬರೂ ಕೊಡೈಕನಾಲಿನ ಚಳಿಯಲ್ಲಿದ್ದರು. ಅಲ್ಲಿ ಊರಿನ ಮಕ್ಕಳು, ಯುದ್ಧದಿಂದ ದಿಕ್ಕೆಟ್ಟು ಬಂದ ಪರದೇಶಿ ಮಕ್ಕಳು ಒಟ್ಟಿಗೆ ಕೂಡಿದ್ದರು. ಮರಿಯೋ ಅವರೊಡನೆ ಬೆಟ್ಟ ಸುತ್ತುತ್ತಿದ್ದ. ಎಲೆ, ಗಿಡ, ಹುಳುಗಳನ್ನು ನೋಡುತ್ತ, ಆರಿಸುತ್ತ, ಹೆಸರು ಕಲಿಯುತ್ತ ಪಾಠ ಸಾಗುತ್ತಿತ್ತು. ಯುದ್ಧ ಮುಗಿದ ಮೇಲೆ 1946ರಲ್ಲಿ ಯೂರೋಪಿಗೆ ಹೋಗಿ, ಮರುವರ್ಷ ಮತ್ತೆ ಭಾರತಕ್ಕೆ ಬಂದು, 1949ರವರೆಗೆ ಕಲಿಸಿದರು. ಆ ಹತ್ತು ವರ್ಷಗಳಲ್ಲಿ ಅವರಿಂದ ತರಬೇತಿ ಪಡೆದವರು ಸಾವಿರಕ್ಕೂ ಹೆಚ್ಚು. 1952ರ ಮೇ 6ರಂದು ನೆದರ್ಲೆಂಡ್ಸಿನ ಕಡಲತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ ಕಣ್ಣುಮುಚ್ಚಿದರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಸಮಾಧಿಯಾಯಿತು. ಇಟಲಿ ತನ್ನ ಸಾವಿರ ಲೀರಾ ನೋಟಿನ ಮೇಲೆ ಅವರ ಚಿತ್ರ ಅಚ್ಚುಹಾಕಿದ್ದು 1990ರಲ್ಲಿ.

ಈ ವಾರ ಮಾಡಬಹುದಾದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಗೋದಲಿಗೆ ರಾಗಿ ಪೈರು ಬೆಳೆಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇದೆ. ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಬಿತ್ತುತ್ತಾರೆ, ಮಗು ದೂರ ನಿಂತು ನೋಡುತ್ತದೆ. ಈ ಸಲ ಮಗುವಿಗೇ ಬಿಡಿ. ತೆಂಗಿನ ಚಿಪ್ಪು ಅಥವಾ ಹಳೆಯ ತಟ್ಟೆ, ಅದರಲ್ಲಿ ಎರಡು ಬೆರಳು ದಪ್ಪ ಮಣ್ಣು, ರಾತ್ರಿ ನೆನೆಸಿದ ಒಂದು ಹಿಡಿ ರಾಗಿ. ಬಾರ್ಸಿಲೋನಾದ ಮಕ್ಕಳಂತೆ ಗೋಧಿಯೂ ಆದೀತು. ಹಂಗೇರಿ, ಕ್ರೊವೇಶಿಯಾ ದೇಶಗಳಲ್ಲಿ ಕ್ರಿಸ್ಮಸ್ಸಿಗೆಂದು ಗೋಧಿ ಬಿತ್ತುವುದು ಡಿಸೆಂಬರ್ 13ರಂದು, ಸಂತ ಲೂಸಿಯಾಳ ಹಬ್ಬದ ದಿನ. ನಮ್ಮ ಹವೆಗೂ ಅದು ಸರಿಹೊಂದುತ್ತದೆ, ಹನ್ನೆರಡು ದಿನಕ್ಕೆ ಒಳ್ಳೆಯ ಹಸಿರು ಬರುತ್ತದೆ. ಮಗು ಕಾಳನ್ನೆಲ್ಲ ಒಂದೇ ಮೂಲೆಗೆ ಸುರಿಯುತ್ತದೆ. ಸರಿಪಡಿಸಬೇಡಿ. ನೀರು ಸಣ್ಣ ಲೋಟದಲ್ಲಿ ಕೊಡಿ, ದಿನಕ್ಕೆ ಒಂದು ಸಲ. ಇಲ್ಲದಿದ್ದರೆ ಗದ್ದೆಯೇ ಆಗಿಬಿಡುತ್ತದೆ. ಮೂರನೆಯ ನಾಲ್ಕನೆಯ ದಿನ ಮೊಳಕೆ ಕಂಡಾಗ ಅದು ನಿಮ್ಮನ್ನು ಅಡುಗೆಮನೆಯಿಂದ ಎಳೆದುಕೊಂಡು ಹೋಗುತ್ತದೆ. ಒಲೆ ಆರಿಸಿ ಹೋಗಿ.

ಆ ಮನೆಗೆ ನಾನು ಮೂವರು ರಾಯರ ಹಬ್ಬದ ಸಂಜೆ ಮತ್ತೆ ಹೋದೆ. ಹಿತ್ತಲಿನ ಮಣ್ಣಿನ ಗುಪ್ಪೆ ಒಣಗಿ ಬಿರುಕು ಬಿಟ್ಟಿತ್ತು, ಕಡ್ಡಿಗಳಲ್ಲಿ ಎರಡು ಉಳಿದಿದ್ದವು. ಬಾಲಯೇಸು ಎಲ್ಲಿ ಎಂದು ಕೇಳಿದೆ. ಮಗು ಮಣ್ಣನ್ನು ಕೆದಕಿ ತೋರಿಸಿತು. ಬೀಜ ಮೊಳೆತಿತ್ತು.